ಪದಕಪಟ್ಟಿಯ ಆಚೆಗಿನ ಪ್ಯಾರಿಸ್

2024ರ ಒಲಿಂಪಿಕ್ಸ್ ಮುಗಿದ ವಾರ ಊರಿನಿಂದ ಬಂದ ಫೋನುಗಳಲ್ಲೆಲ್ಲ ಒಂದೇ ಮಾತು: "ನೀನು ಅಲ್ಲೇ ಇದ್ದೆಯಲ್ಲ, ನಮಗೆ ಒಂದು ಚಿನ್ನವೂ ಬರಲಿಲ್ಲವಲ್ಲಪ್ಪ!" ನಿಜ, ಬರಲಿಲ್ಲ. ಒಂದು ಬೆಳ್ಳಿ, ಐದು ಕಂಚು, ಪಟ್ಟಿಯಲ್ಲಿ 71ನೇ ಸ್ಥಾನ. ಆರು ಸ್ಪರ್ಧೆಗಳಲ್ಲಿ ನಮ್ಮವರು ನಾಲ್ಕನೆಯವರಾಗಿ ಪದಕದ ಹೊಸ್ತಿಲಿನಿಂದ ಹಿಂದಿರುಗಿದರು. ವಿನೇಶ್ ಫೋಗಟ್ 100 ಗ್ರಾಂ ತೂಕ ಹೆಚ್ಚಿದ್ದಕ್ಕೆ ಫೈನಲ್ ಆಡದೆ ಹೊರಬಿದ್ದ ದಿನ ನನಗೂ ಊಟ ಸೇರಲಿಲ್ಲ.

ಆದರೆ ಪ್ಯಾರಿಸ್‌ನ ಹೊರವಲಯದಲ್ಲಿ ಸಂಸಾರ ಹೂಡಿರುವ ನಾನು ಆ ದಿನಗಳಲ್ಲಿ ಕಂಡ ಕ್ರೀಡಾಕೂಟ ಬೇರೆಯೇ ಇತ್ತು. ಅದರಲ್ಲಿ ನಗುವಂಥದ್ದೂ ಇತ್ತು, ಎದೆ ತುಂಬುವಂಥದ್ದೂ ಇತ್ತು. ಹೆಚ್ಚಿನದೆಲ್ಲ ಪದಕಪಟ್ಟಿಯ ಹೊರಗೇ ನಡೆಯಿತು. ಇಲ್ಲಿನವರಿಗೆ ಅದು ಕಂಡಿತು, ನಮಗೆ ಅಷ್ಟಾಗಿ ಕಾಣಲಿಲ್ಲ. ಅವರು ತಾವೂ ಆಡುತ್ತಾರೆ, ನಾವು ಆಡುವುದನ್ನು ಬಿಟ್ಟಿದ್ದೇವೆ. ವ್ಯತ್ಯಾಸ ಅಲ್ಲಿದೆ ಎಂದು ನನ್ನ ಅನಿಸಿಕೆ.

ಜುಲೈ 30ರ ಶೂಟಿಂಗ್ ಸ್ಪರ್ಧೆಯನ್ನೇ ನೋಡಿ. ಪ್ಯಾರಿಸ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಎರಡು ಗಂಟೆ ದೂರದ ಶಾತೊರೂ ಊರಿನ ಬಳಿ 10 ಮೀಟರ್ ಏರ್ ಪಿಸ್ತೂಲಿನ ಮಿಶ್ರ ತಂಡದ ಪದಕ ಸ್ಪರ್ಧೆ. ಒಬ್ಬರ ಕಣ್ಣಿಗೆ ವಿಶೇಷ ಗಾಜು, ಇನ್ನೊಬ್ಬರ ಕಣ್ಣಿಗೆ ಮರೆ, ಮತ್ತೊಬ್ಬರ ತಲೆಯ ಸುತ್ತ ಪಟ್ಟಿ. ಟರ್ಕಿಯ ಯೂಸುಫ್ ಡಿಕೆಚ್ ಮಾತ್ರ ಒಂದು ಟೀ ಶರ್ಟ್, ದಿನವೂ ಹಾಕುವ ಕನ್ನಡಕ, ಕಿವಿಗೆ ಪುಟ್ಟ ಬಿರಡೆ ಇಷ್ಟರಲ್ಲೇ ಬಂದು, ಎಡಗೈಯನ್ನು ಪ್ಯಾಂಟಿನ ಜೇಬಿಗಿಳಿಸಿ, ಎರಡೂ ಕಣ್ಣು ತೆರೆದುಕೊಂಡೇ ಗುರಿಯಿಟ್ಟರು. ಜೊತೆಗಾತಿ ಶೆವ್ವಾಲ್ ಇಲಾಯ್ದಾ ತರ್ಹಾನ್ ಜೊತೆ ಬೆಳ್ಳಿ ಗೆದ್ದರು. ಆ ಭಂಗಿ ಜಗತ್ತಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ನಮ್ಮ ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೂ "ಸಂತೆಗೆ ಹೊರಟಿದ್ದ ಮಾವ ದಾರಿಯಲ್ಲಿ ಬೆಳ್ಳಿ ಹೊಡೆದರು" ಎಂಬ ಒಕ್ಕಣೆ ಹೊತ್ತು ಬಂತು. ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದು ಅದೇ ವೇದಿಕೆಯಲ್ಲಿ ನಿಂತವರು ನಮ್ಮ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್.

ನಗುವಿನ ಭರದಲ್ಲಿ ಒಂದು ವಿಷಯ ಮರೆಯಾಯಿತು. ದೇಹ ಅಲುಗದಿರಲೆಂದು ಇನ್ನೊಂದು ಕೈಯನ್ನು ಜೇಬಿನಲ್ಲೋ ಸೊಂಟದ ಪಟ್ಟಿಯಲ್ಲೋ ಇರಿಸುವುದು ಪಿಸ್ತೂಲು ಹಿಡಿದವರೆಲ್ಲರ ರೂಢಿ. ಅದು ಉಡಾಫೆಯಲ್ಲ, ಅಭ್ಯಾಸ. ಡಿಕೆಚ್ ಅವರಿಗೆ ಆಗ 51 ವರ್ಷ. ಸೇನಾ ಪೊಲೀಸ್ ಪಡೆಯಿಂದ ನಿವೃತ್ತರು. 2008ರ ಬೀಜಿಂಗ್‌ನಿಂದ ಮೊದಲ್ಗೊಂಡು ಒಂದನ್ನೂ ತಪ್ಪಿಸದೆ ಐದನೆಯ ಒಲಿಂಪಿಕ್ಸಿಗೆ ಬಂದಿದ್ದರು. ಮೊದಲ ಪದಕ ಸಿಕ್ಕಿದ್ದು ಇಲ್ಲಿ.

ಅದೇ ಕೂಟದಲ್ಲಿ ಚಿಲಿ ದೇಶದ ಪರವಾಗಿ ಟೇಬಲ್ ಟೆನಿಸ್ ಆಡಿದ ಝೆಂಗ್ ಝಿಯಿಂಗ್ ಅವರಿಗೆ 58 ವರ್ಷ. ಹುಟ್ಟಿದ್ದು ಚೀನಾದಲ್ಲಿ, ಹರೆಯದಲ್ಲಿ ಆಡಿದ್ದು ಅಲ್ಲಿನ ರಾಷ್ಟ್ರೀಯ ತಂಡದಲ್ಲಿ. ಬ್ಯಾಟಿನ ಎರಡು ಮೈಗೂ ಬೇರೆ ಬೇರೆ ಬಣ್ಣವಿರಬೇಕೆಂಬ ನಿಯಮ ಬಂದಾಗ ಯಾವ ಮೈಯಿಂದ ಹೊಡೆಯುತ್ತಾರೆಂಬ ಅವರ ಆಟದ ಗುಟ್ಟು ಬಯಲಾಗಿ ಹಿಂದೆ ಬಿದ್ದರು. ಮಕ್ಕಳಿಗೆ ಆಟ ಕಲಿಸಲು ಚಿಲಿಗೆ ಹೋದವರು ಅಲ್ಲೇ ನೆಲೆ ನಿಂತರು. ಕೋವಿಡ್ ಕಾಲದಲ್ಲಿ ಮತ್ತೆ ಬ್ಯಾಟು ಹಿಡಿದು ಮೊದಲ ಒಲಿಂಪಿಕ್ಸಿಗೆ ಬಂದರು. ಮೊದಲ ಪಂದ್ಯದಲ್ಲೇ ಸೋತರು. ಸೋತು ಹೊರಬಂದ ಆ ಅಜ್ಜಿಯ ವಯಸ್ಸಿನ ಆಟಗಾರ್ತಿಯ ಬಗ್ಗೆ ಇಲ್ಲಿನ ಪತ್ರಿಕೆಗಳು ಪ್ರೀತಿಯಿಂದ ಬರೆದವು.

ಇದು ಇಲ್ಲಿನವರಿಗೆ ಪವಾಡವಾಗಿ ತೋರಲಿಲ್ಲ. ಫ್ರಾನ್ಸಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಊರೂರಿನಲ್ಲೂ ಒಂದು ಶನಿವಾರವೋ ಭಾನುವಾರವೋ ಸಂಘಗಳ ಮೇಳ ನಡೆಯುತ್ತದೆ. 1901ರ ಕಾಯ್ದೆಯಡಿ ನೋಂದಾಯಿಸಿಕೊಂಡ ಜೂಡೊ, ಕತ್ತಿವರಸೆ, ಈಜು, ಬಿಲ್ಲುಗಾರಿಕೆ ಸಂಘಗಳು ಮೇಜು ಹಾಕಿಕೊಂಡು ಕೂರುತ್ತವೆ. ಅಂಕಣ, ಕೊಳಗಳನ್ನು ನಗರಸಭೆ ಒದಗಿಸುತ್ತದೆ. ತರಬೇತಿಗೆ ಬಹುಪಾಲು ಊರಿನವರೇ ನಿಲ್ಲುತ್ತಾರೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬುಧವಾರ ಮಧ್ಯಾಹ್ನ ಬಿಡುವು. ಹೆಗಲಿಗೆ ಚೀಲ ಹಾಕಿ ಆಟಕ್ಕೆ ಓಡುವ ಮಕ್ಕಳನ್ನು ಅಂದು ಬೀದಿ ಬೀದಿಯಲ್ಲಿ ಕಾಣಬಹುದು. ನಮ್ಮ ಮೇಲಿನ ಮಹಡಿಯ ಎಪ್ಪತ್ತು ದಾಟಿದ ಹಿರಿಯರು ಮಂಗಳವಾರ ಸಂಜೆ ಟೇಬಲ್ ಟೆನಿಸ್‌ಗೆ ಹೋಗುತ್ತಾರೆ. ತಮ್ಮ ವಿಭಾಗದಲ್ಲಿ ಕೊನೆಯಿಂದ ಎರಡನೆಯವರು. ಅದನ್ನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಸಂತೋಷದಿಂದ ಹೇಳುತ್ತಾರೆ.

ನಾನು ಓದಿದ ಶಾಲೆಯಲ್ಲಿ ವಾರಕ್ಕೆರಡು ಆಟದ ಪಿರಿಯಡ್ ಇದ್ದವು. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಎರಡೂ ಗಣಿತಕ್ಕೆ ಹೋದವು. ಚೆನ್ನಾಗಿ ಓಡುವ ನಾಲ್ಕು ಹುಡುಗರನ್ನು ತಾಲ್ಲೂಕು ಮಟ್ಟದ ಕೂಟಕ್ಕೆ ಆರಿಸಿಕೊಳ್ಳುತ್ತಿದ್ದರು, ಉಳಿದವರು ಸುತ್ತ ನಿಂತು ಚಪ್ಪಾಳೆ ಹೊಡೆಯಬೇಕು. ಹುಡುಗಿಯರಿಗೆ ಆ ಚಪ್ಪಾಳೆಯ ಜಾಗವೂ ಸಿಗುತ್ತಿರಲಿಲ್ಲ. ನನ್ನ ಅಕ್ಕ ಥ್ರೋಬಾಲ್ ಬಹಳ ಚೆನ್ನಾಗಿ ಆಡುತ್ತಿದ್ದಳು. ಮದುವೆಯ ನಂತರ ಚೆಂಡು ಮುಟ್ಟಿಲ್ಲ. "ಈ ವಯಸ್ಸಿನಲ್ಲಿ ಆಟ ಏನು?" ಎಂದು ಅವಳಿಗೆ ಹೇಳಿದವರಲ್ಲಿ ಅವಳನ್ನು ತುಂಬ ಪ್ರೀತಿಸುವವರೂ ಇದ್ದರು. ನಮ್ಮಲ್ಲಿ ಮೂವತ್ತು ದಾಟಿದವರ ಪಾಲಿಗೆ ಆಟವೆಂದರೆ ಟಿವಿಯಲ್ಲಿ ಕ್ರಿಕೆಟ್. ಬದುಕಿನಿಂದ ಆಟ ಹೋದ ಮೇಲೆ ಇನ್ನೊಬ್ಬರ ಆಟದಲ್ಲಿ ಎಣಿಸಲು ಪದಕ ಮಾತ್ರ ಉಳಿಯುತ್ತದೆ.

ಮಹಿಳೆಯರ ಮ್ಯಾರಥಾನ್ ಬಗ್ಗೆ ಹೇಳದಿದ್ದರೆ ಈ ಮಾತು ಪೂರ್ತಿಯಾಗದು. 1789ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಹೆಂಗಸರು ರೊಟ್ಟಿ ಕೇಳುತ್ತ ವರ್ಸೈ ಅರಮನೆಯವರೆಗೆ ನಡೆದು, ಅರಸನನ್ನೇ ರಾಜಧಾನಿಗೆ ಕರೆತಂದಿದ್ದರು. ಆ ನಡಿಗೆಯ ನೆನಪಿಗೆ ಈ ಸಲ ಓಟದ ಹಾದಿಯನ್ನು ವರ್ಸೈವರೆಗೆ ಎಳೆದರು. ಒಲಿಂಪಿಕ್ಸಿನ ಕೊನೆಯ ದಿನದ ಗೌರವವನ್ನು ಮೊದಲ ಬಾರಿಗೆ ಮಹಿಳೆಯರ ಓಟಕ್ಕೆ ಕೊಟ್ಟರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಏರ್ಪಾಡು. ಹಿಂದಿನ ರಾತ್ರಿ ಅದೇ ಹಾದಿಯಲ್ಲಿ ಜನಸಾಮಾನ್ಯರನ್ನು ಓಡಿಸಿದರು: ಪೂರ್ಣ ಮ್ಯಾರಥಾನ್‌ಗೆ 20,024 ಮಂದಿ, 10 ಕಿಲೋಮೀಟರ್‌ಗೆ ಮತ್ತೆ 20,024 ಮಂದಿ.

ಹಾದಿಯ 28–29ನೇ ಕಿಲೋಮೀಟರಿನಲ್ಲಿ, ಶಾವಿಲ್ ಮತ್ತು ಮ್ಯೂದೊನ್ ನಡುವೆ, ಶೇ 13.5ರವರೆಗೆ ಕಡಿದಾಗುವ ಏರು ಇದೆ. ಸೈಕಲ್ ಇಳಿದು ತಳ್ಳಿಕೊಂಡು ಹೋಗುವ ರಸ್ತೆ ಅದು. ಆಗಸ್ಟ್ 11ರ ಬೆಳಿಗ್ಗೆ ಅಲ್ಲಿ ನಿಂತಿದ್ದೆ. ಪಕ್ಕದಲ್ಲಿ ನಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದ ಐವತ್ತು ದಾಟಿದ ಸಹೋದ್ಯೋಗಿ. ರಾತ್ರಿಯ ಓಟ ಮುಗಿಸಿ, ನಾಲ್ಕು ಗಂಟೆ ನಿದ್ದೆ ಮಾಡಿ ಬಂದಿದ್ದರು. ಕಾಲಿಗೆ ರಬ್ಬರ್ ಚಪ್ಪಲಿ, ಎರಡೂ ಹೆಬ್ಬೆರಳಿಗೆ ಪಟ್ಟಿ, ಒಂದರ ಅಂಚಿನಲ್ಲಿ ಒಣಗಿದ ರಕ್ತ. "ಈ ಏರನ್ನು ನಾನು ನಡೆದೇ ಹತ್ತಿದೆ, ಇವರು ಓಡುತ್ತಿದ್ದಾರೆ ನೋಡಿ" ಎನ್ನುವಾಗ ಅವರ ಕಣ್ಣಲ್ಲಿ ನೀರಿತ್ತು. ಮುಂದಿನ ಗುಂಪು ಕ್ಷಣದಲ್ಲಿ ದಾಟಿಹೋಯಿತು. ಜನ ಕದಲಲಿಲ್ಲ. ಹಿಂದೆ ಬಿದ್ದವರು ಒಬ್ಬೊಬ್ಬರಾಗಿ ಬಂದಾಗ ಕೂಗು ಇನ್ನೂ ಜೋರಾಯಿತು.

ಗೆದ್ದವರು ನೆದರ್ಲೆಂಡ್ಸ್‌ನ ಸಿಫಾನ್ ಹಸನ್, 2 ಗಂಟೆ 22 ನಿಮಿಷ 55 ಸೆಕೆಂಡು. ಅದೇ ಕೂಟದಲ್ಲಿ 5,000 ಮತ್ತು 10,000 ಮೀಟರ್ ಓಟಗಳಲ್ಲಿ ಕಂಚು ಗೆದ್ದ ಕಾಲುಗಳವು. ಅವರು ಗುರಿ ಮುಟ್ಟಿ ಒಂದೂವರೆ ಗಂಟೆ ಕಳೆದರೂ ಒಬ್ಬಾಕೆ ಇನ್ನೂ ಹಾದಿಯಲ್ಲಿದ್ದರು: ಭೂತಾನದ ಕಿನ್ಜಾಂಗ್ ಲಾಮೊ, ಇಪ್ಪತ್ತಾರರ ಯುವತಿ. ಬಿಸಿಲೇರಿತ್ತು. ಕಾಲು ಸೋತಾಗ ನಡೆದರು, ಮತ್ತೆ ಓಡಿದರು. ಅವರ ಪಕ್ಕದಲ್ಲಿ ಕೆಲವರು ನಡೆದರು, ಕೆಲವರು ಸೈಕಲ್ ತುಳಿದರು. ಪ್ಯಾರಿಸ್‌ನ ಇನ್ವಾಲೀಡ್ ಸ್ಮಾರಕದ ಮುಂದಿನ ಗುರಿಗೆರೆಯಲ್ಲಿ ಕಾದಿದ್ದವರು ಎದ್ದು ನಿಂತು ಬರಮಾಡಿಕೊಂಡರು. 3 ಗಂಟೆ 52 ನಿಮಿಷ 59 ಸೆಕೆಂಡು, ಎಲ್ಲರಿಗಿಂತ ಕೊನೆ. ಇದನ್ನು ಕೇಳಿದ ನಮ್ಮ ಊರಿನವರೊಬ್ಬರು ಫ್ರೆಂಚರ ಸಂಸ್ಕಾರ ದೊಡ್ಡದು ಎಂದರು. ನನಗೆ ಹಾಗನ್ನಿಸುವುದಿಲ್ಲ. ರಾತ್ರಿ ಆ ಏರು ಹತ್ತಿ ಹೆಬ್ಬೆರಳು ಒಡೆದುಕೊಂಡವರಿಗೆ ಕಿನ್ಜಾಂಗ್ ಪಡುತ್ತಿದ್ದ ಪಾಡು ತಮ್ಮದೇ ಆಗಿತ್ತು, ಅದಕ್ಕೇ ಕಾದರು.

ಫ್ರೆಂಚರು ಎಲ್ಲದರಲ್ಲೂ ಮೇಲು ಎಂದು ಹೇಳಿದರೆ ಸುಳ್ಳಾದೀತು. ಫುಟ್‌ಬಾಲಿನ ಹಳೆಯ ಸಿಟ್ಟು ಇಟ್ಟುಕೊಂಡು ಅರ್ಜೆಂಟೀನಾದ ಆಟಗಾರರನ್ನು ಸೀಟಿ ಹೊಡೆದು ಹೀಯಾಳಿಸಿದವರೂ ಇಲ್ಲಿನ ಪ್ರೇಕ್ಷಕರೇ. ಅದೇ ಕೂಟದಲ್ಲಿ ದೊಡ್ಡ ಮನಸ್ಸಿನ ಮಾತು ಬಂದದ್ದು ನಮ್ಮ ನೆಲದಿಂದ. ಆಗಸ್ಟ್ 8ರಂದು ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ದೂರ ಜಾವೆಲಿನ್ ಎಸೆದು ಚಿನ್ನ ಗೆದ್ದರು, ನೀರಜ್ ಚೋಪ್ರಾ 89.45 ಮೀಟರ್‌ಗೆ ಬೆಳ್ಳಿ. ಪಾಣಿಪತ್ ಜಿಲ್ಲೆಯ ಹಳ್ಳಿಮನೆಯಲ್ಲಿ ನೀರಜ್ ಅವರ ತಾಯಿ ಸರೋಜ್ ದೇವಿ, ಚಿನ್ನ ಗೆದ್ದವನೂ ನಮ್ಮ ಹುಡುಗನೇ ಎಂದರು. ಗಡಿಯಾಚೆ ಅರ್ಷದ್ ಅವರ ತಾಯಿಯೂ ನೀರಜ್ ತನ್ನ ಮಗನಂತೆಯೇ ಎಂದರು. ಅರ್ಷದ್ ಅವರ ಮಾವ ಅಳಿಯನಿಗೆ ಒಂದು ಎಮ್ಮೆ ಉಡುಗೊರೆ ಕೊಟ್ಟರು. ಎಮ್ಮೆಯ ಸುದ್ದಿ ಓದಿ ನಮ್ಮ ಕಚೇರಿಯವರು ನಕ್ಕರು. ನಮ್ಮ ಹಳ್ಳಿಗಳಲ್ಲಿ ಹಾಲು ಕೊಡುವ ಎಮ್ಮೆಯೊಂದು ಎಷ್ಟು ದೊಡ್ಡ ಮರ್ಯಾದೆ ಎಂದು ವಿವರಿಸಿದಾಗ, ಅವರ ಮುಖದ ಮೇಲಿನ ನಗು ಬೇರೆಯಾಯಿತು.

ಇನ್ನೂ ಎಷ್ಟೋ ಇವೆ. ಓಟದ ಕ್ರೀಡಾಂಗಣದಲ್ಲಿ ಗೆದ್ದವರು ಬಾರಿಸಲೆಂದು ನಾರ್ಮಂಡಿಯಲ್ಲಿ ಎರಕ ಹೊಯ್ದ ದೊಡ್ಡ ಗಂಟೆಯನ್ನು ಇಟ್ಟಿದ್ದರು. ಈಗ ಅದು ಬೆಂಕಿಗೆ ಸಿಕ್ಕಿ ಮತ್ತೆ ಎದ್ದುನಿಂತ ನೋತ್ರ ದಾಮ್ ಚರ್ಚ್ ಸೇರಿದೆ. 200 ಮೀಟರ್ ಓಟದಲ್ಲಿ ಲೆಟ್ಸಿಲೆ ಟೆಬೋಗೊ ಬೋಟ್ಸ್ವಾನಾಕ್ಕೆ ಮೊದಲ ಚಿನ್ನ ತಂದಾಗ ಆ ದೇಶ ಮಧ್ಯಾಹ್ನದಿಂದ ರಜೆ ಸಾರಿತು. ಆ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡ ತಾಯಿಯ ನೆನಪನ್ನು ಆ ಹುಡುಗ ತನ್ನ ಬೂಟಿನ ಮೇಲೆ ಬರೆದುಕೊಂಡು ಓಡಿದ್ದ.

ಕನ್ನಡಿಗರ ವಿಷಯಕ್ಕೆ ಬರುತ್ತೇನೆ. ಕೊಡಗಿನ ರೋಹನ್ ಬೋಪಣ್ಣ ರೋಲಾಂ ಗಾರೋ ಟೆನಿಸ್ ಅಂಗಣದಲ್ಲಿ, 44ನೇ ವಯಸ್ಸಿನಲ್ಲಿ, ಭಾರತದ ಪರ ಕೊನೆಯ ಪಂದ್ಯ ಆಡಿದರು. ಎದುರಿಗೆ ಫ್ರಾನ್ಸಿನದೇ ಜೋಡಿ, ಮೊದಲ ಸುತ್ತಿನಲ್ಲೇ ಸೋಲು. 2002ರಿಂದ ದೇಶಕ್ಕಾಗಿ ಆಡಿದವರ ವಿದಾಯಕ್ಕೆ ನಮ್ಮ ಮಾಧ್ಯಮಗಳಲ್ಲಿ ಇನ್ನಷ್ಟು ಜಾಗ ಸಿಗಬೇಕಿತ್ತು. ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೆ 200 ಮೀಟರ್ ಫ್ರೀಸ್ಟೈಲ್ ಈಜಿದಳು. ಅವಳ ಬಗ್ಗೆ ಊರಿನವರು ಕೇಳಿದ್ದು "ಫೈನಲ್ ತಲುಪಿದಳಾ?" ಎಂದಷ್ಟೇ.

ಆಮೇಲೆ ಪ್ಯಾರಾಲಿಂಪಿಕ್ಸ್ ಬಂತು. ಸೆಪ್ಟೆಂಬರ್ 2ರಂದು ಪೋರ್ಟ್ ದ ಲಾ ಶಾಪೆಲ್‌ನ ಒಳಾಂಗಣದಲ್ಲಿ ಹಾಸನದ ಸುಹಾಸ್ ಯತಿರಾಜ್ ಬ್ಯಾಡ್ಮಿಂಟನ್ ಫೈನಲ್ ಆಡಿದರು. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿಯಾಗಿರುವ ಅವರೂ ಹೊರನಾಡ ಕನ್ನಡಿಗರೇ. ಟೋಕಿಯೊದಲ್ಲಿ ಅವರನ್ನು ಫೈನಲ್‌ನಲ್ಲಿ ಸೋಲಿಸಿದ್ದ ಫ್ರಾನ್ಸಿನ ಲೂಕಾ ಮಜೂರ್ ಅವರೇ ಇಲ್ಲೂ ಎದುರಾಳಿ. ಸುತ್ತಲೂ ನೀಲಿ, ಬಿಳಿ, ಕೆಂಪು ಬಾವುಟ, ಕಿವಿ ಗಡಚಿಕ್ಕುವ ಕೂಗು. ಅದರ ನಡುವೆ ನಾನು "ಹೊಡೀರಿ ಸುಹಾಸ್, ಬಿಡಬೇಡಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. 9-21, 13-21ರಿಂದ ಸೋತರು. ಮುಂದಿನ ಸಾಲಿನಲ್ಲಿ ಮಜೂರ್ ಬಾವುಟ ಹಿಡಿದಿದ್ದ ಹುಡುಗನೊಬ್ಬ ತಿರುಗಿ, ನನಗೆ ಕೈಕೊಟ್ಟು, ನಿಮ್ಮವರು ಎರಡು ಸಲ ಜಗತ್ತಿಗೇ ಎರಡನೆಯವರು ಎಂದ.

ಆ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದದ್ದು 29 ಪದಕ. ಏಳು ಚಿನ್ನ, ಒಂಬತ್ತು ಬೆಳ್ಳಿ, 13 ಕಂಚು. ಊರಿನಿಂದ ಒಂದು ಫೋನೂ ಬರಲಿಲ್ಲ. ಚಿನ್ನ ಚಿನ್ನ ಎಂದು ಹಂಬಲಿಸಿದವರ ಮಡಿಲಿಗೆ ಏಳು ಚಿನ್ನ ಬಿದ್ದಾಗಲೂ ತಿರುಗಿ ನೋಡಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಆಡುವ ಸುಖ ನಮ್ಮವರಿಗೆ ಗೊತ್ತಿಲ್ಲವೆಂದಲ್ಲ. ಬೋಪಣ್ಣ ಅವರ ಕೊಡಗಿಗೇ ಹೋಗಿ ನೋಡಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಂದೊಂದು ಒಕ್ಕವೂ, ಅಂದರೆ ಮನೆತನವೂ, ಒಂದೊಂದು ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಒಕ್ಕದವರು ನಡೆಸಿದ ಪಂದ್ಯಾವಳಿಗೆ 360 ಕುಟುಂಬಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಅಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಹಾಕಿ ಕೋಲು ಹಿಡಿದು ಇಳಿಯಬಹುದು. ನಾನು ಫ್ರಾನ್ಸಿನಲ್ಲಿ ಮೆಚ್ಚಿದ್ದೆಲ್ಲ ಕೊಡಗಿನ ಒಂದು ಮೈದಾನದಲ್ಲಿದೆ, ಅದೂ ಸರ್ಕಾರದ ಕಾಯ್ದೆಯಿಲ್ಲದೆ, ಮನೆತನದ ಅಭಿಮಾನದಿಂದಲೇ. ಉಳಿದ ಜಿಲ್ಲೆಗಳಲ್ಲಿ ಇದು ಏಕಾಗಬಾರದು?

ನಮ್ಮೂರಿನ ಪ್ರೌಢಶಾಲೆಗೆ ದೊಡ್ಡ ಮೈದಾನವಿದೆ. ಸಂಜೆ ನಾಲ್ಕೂವರೆಗೆ ಗೇಟಿಗೆ ಬೀಗ ಬೀಳುತ್ತದೆ. ಈ ರಜೆಯಲ್ಲಿ ಬಂದಾಗ ಶಾಲಾಭಿವೃದ್ಧಿ ಸಮಿತಿಯವರನ್ನು ಕಂಡು, ವಾರಕ್ಕೆರಡು ಸಂಜೆಯಾದರೂ ಊರಿನ ಹೆಂಗಸರಿಗೆ ಥ್ರೋಬಾಲ್ ಆಡಲು ಅದನ್ನು ತೆರೆದುಕೊಡಿ ಎಂದು ಕೇಳುವವನಿದ್ದೇನೆ. ನೆಟ್ಟು, ಚೆಂಡು, ದೀಪದ ಖರ್ಚು ನನ್ನದು. ಅಕ್ಕ ಬರುತ್ತೇನೆ ಎಂದಿದ್ದಾಳೆ.