ಕೆಲಸ ಹೊರಗೆ ಕೊಡಿ, ಜುಟ್ಟು ಕೊಡಬೇಡಿ

ಗೆಳೆಯರೊಬ್ಬರು ತಮ್ಮ ಕಚೇರಿಯ ಐಟಿ ಹುಡುಗನನ್ನು ಬಿಡಿಸಿ, ಎಲ್ಲವನ್ನೂ ಹೊರಗಿನ ಏಜೆನ್ಸಿಗೆ ಒಪ್ಪಿಸಬೇಕು ಅಂತಿದ್ದಾರೆ. ಮೂವತ್ತೈದು ಜನ ಇರುವ ಕಚೇರಿ. "ನೀವು ಎರಡನ್ನೂ ಅನುಭವಿಸಿದ್ದೀರಿ, ಏನಂತೀರಿ?" ಅಂತ ನಿನ್ನೆ ಕೇಳಿದರು. ಫೋನಿನಲ್ಲಿ ಅರ್ಧ ಹೇಳಿದ್ದೆ, ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಯೋಚನೆಯಲ್ಲಿರುವ ಇನ್ನೂ ಕೆಲವರಿಗೆ ಬೇಕಾಗಬಹುದು.

ನಮ್ಮಲ್ಲಿ ಮೊದಲು ಒಬ್ಬನೇ ಹುಡುಗ ಇದ್ದ. ಆರು ವರ್ಷ. ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ, ತಿಂಗಳ ಕೊನೆಯಲ್ಲಿ ಬಿಲ್ಲಿಂಗ್ ಯಾಕೆ ನಿಧಾನ ಆಗುತ್ತೆ, ಯಾರ ಲ್ಯಾಪ್‌ಟಾಪ್‌ಗೆ ಯಾವ ಖಾಯಿಲೆ, ಎಲ್ಲ ಅವನಿಗೆ ಗೊತ್ತು. ಅವನಿದ್ದಾನೆ ಅನ್ನುವ ಧೈರ್ಯದಲ್ಲಿ ನಾವು ಏನನ್ನೂ ಬರೆದಿಟ್ಟುಕೊಳ್ಳಲಿಲ್ಲ. ಹೆಂಡತಿಯ ಹೆರಿಗೆಗೆ ಅಂತ ಅವನು ರಜೆ ಹಾಕಿದ ಎರಡನೇ ದಿನವೇ ಸರ್ವರ್ ನಿಂತುಹೋಯಿತು. ಅಡ್ಮಿನ್ ಪಾಸ್‌ವರ್ಡ್ ಇದ್ದದ್ದು ಅವನ ತಲೆಯಲ್ಲಿ ಮಾತ್ರ. ಅವನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು "ದೊಡ್ಡ ಎಂ ಸರ್, ಆಮೇಲೆ ಸಣ್ಣ ಆರ್, ಅಲ್ಲೊಂದು ಡಾಟ್" ಅಂತ ಪಿಸುಮಾತಿನಲ್ಲಿ ಒಂದೊಂದೇ ಅಕ್ಷರ ಹೇಳುತ್ತಿದ್ದ, ನಾನು ಈ ಕಡೆ ಬರೆದುಕೊಳ್ಳುತ್ತಿದ್ದೆ. ಒಳಗಿನಿಂದ ಯಾರೋ ಅವನನ್ನು ಕರೆದದ್ದೂ ಕೇಳಿಸಿತು. ಅವತ್ತು ನನಗೆ ನಿಜಕ್ಕೂ ಸಂಕಟವಾಯಿತು. ತಪ್ಪು ಅವನದಲ್ಲ. ಇಡೀ ಕಚೇರಿಯ ಭಾರವನ್ನು ಒಬ್ಬನ ಹೆಗಲ ಮೇಲೆ ಹೊರಿಸಿದ್ದು ನಾವು.

ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ದುಡಿಯುವುದು 40 ಗಂಟೆ. ಹಗಲು ರಾತ್ರಿ ಯಾರಾದರೂ ಇರಲೇಬೇಕು ಅಂದರೆ ನಾಲ್ಕು ಜನ ಸಾಲುವುದಿಲ್ಲ, ಐದು ಜನ ಬೇಕು. ಸಣ್ಣ ಸಂಸ್ಥೆಗೆ ಅದು ಆಗುವ ಮಾತಲ್ಲ. ಹಾಗಾಗಿ ಹೊರಗಿನವರು ಬೇಕೇ ಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ನಾವು ಏಜೆನ್ಸಿಗೆ ಕೊಟ್ಟ ಮೇಲೆ ರಾತ್ರಿ ಹೊತ್ತು ಸರ್ವರ್ ಮೇಲೆ ಕಣ್ಣಿಡುವವರು ಸಿಕ್ಕರು, ಅಪ್‌ಡೇಟ್‌ಗಳು ಸಮಯಕ್ಕೆ ಸರಿಯಾಗಿ ಆದವು. ಒಮ್ಮೆ ಹೊರಗಿನ ದಾಳಿ ತಡೆಯುವ ಫೈರ್‌ವಾಲ್ ಕೆಟ್ಟಾಗ ಅದನ್ನೇ ಅರೆದು ಕುಡಿದವರೊಬ್ಬರು ಒಂದು ಗಂಟೆಯಲ್ಲಿ ಸರಿಮಾಡಿದರು. ನಮ್ಮ ಹುಡುಗನಿಗೆ ಅದಕ್ಕೆ ಎರಡು ದಿನ ಹಿಡಿಯುತ್ತಿತ್ತು.

ಆದರೆ ಒಂದು ಬೆಳಿಗ್ಗೆ ಅಕೌಂಟ್ಸ್ ಮೇಡಂ ಫೋನ್ ಹಿಡಿದುಕೊಂಡೇ ನನ್ನ ಟೇಬಲ್ ಹತ್ತಿರ ಬಂದರು. "ಸರ್, ನಮ್ಮ ದೂರಿನ ಟಿಕೆಟ್ ಕ್ಲೋಸ್ ಆಗಿದೆ ಅಂತ ಮೆಸೇಜ್ ಬಂದಿದೆ. ಪ್ರಿಂಟ್ ಮಾತ್ರ ಇನ್ನೂ ಬರ್ತಿಲ್ಲ." ಒಪ್ಪಂದ ತೆಗೆದು ನೋಡಿದರೆ ಅವರು ಮಾತು ಕೊಟ್ಟದ್ದು ಒಂದು ಗಂಟೆಯಲ್ಲಿ ಉತ್ತರ ಕೊಡುತ್ತೇವೆ ಅಂತ, ಸರಿಪಡಿಸುತ್ತೇವೆ ಅಂತಲ್ಲ. ಎಸ್‌ಎಲ್‌ಎ, ಅಂದರೆ ಎಂಥ ಸೇವೆ ಕೊಡುತ್ತೇವೆ ಅಂತ ಒಪ್ಪಂದದಲ್ಲಿ ಬರೆದ ಭಾಗ, ಓದುವಾಗ ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ. ರೆಸ್ಪಾನ್ಸ್ ಟೈಮ್ ಬೇರೆ, ರೆಸಲ್ಯೂಷನ್ ಟೈಮ್ ಬೇರೆ. ಸೇವೆ 99.9 ಶೇಕಡಾ ಸಮಯ ನಡೆಯುತ್ತೆ ಅಂತ ಬರೆದಿದ್ದರೂ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಎಲ್ಲ ನಿಂತಿರಬಹುದು ಅಂತಲೇ ಅರ್ಥ. ಆ ಎಂಟು ಗಂಟೆ ಸಂಬಳದ ದಿನವೇ ಬಂದರೆ?

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಏಜೆನ್ಸಿ ಬದಲಾಯಿಸಲು ಹೊರಟಾಗ. ನಮ್ಮ ಡೊಮೈನ್, ಅಂದರೆ ಇಂಟರ್ನೆಟ್ಟಿನಲ್ಲಿ ಕಂಪನಿಯ ವಿಳಾಸ, ಅವರ ಇಮೇಲ್‌ನಲ್ಲಿ ನೋಂದಣಿಯಾಗಿತ್ತು. ವೆಬ್‌ಸೈಟ್, ಕಚೇರಿಯ ಅಷ್ಟೂ ಇಮೇಲ್ ಅದರ ಮೇಲೆಯೇ ನಿಂತಿದೆ. ಅದನ್ನು ವಾಪಸ್ ಪಡೆಯುವುದಕ್ಕೆ ಹದಿನೆಂಟು ದಿನ ಅವರ ಬೆನ್ನು ಬಿದ್ದೆವು. ಆ ಹದಿನೆಂಟು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕೆಲಸ ಕೊಡುತ್ತಿದ್ದೇವೆ ಅಂದುಕೊಂಡು ಜುಟ್ಟನ್ನೇ ಕೊಟ್ಟುಬಿಟ್ಟಿದ್ದೆವು.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಸೈಬರ್ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಂದು ನಿಂತವು. ಆನ್ ಆಗದ ಕಂಪ್ಯೂಟರಿಗೆ ರಿಮೋಟ್‌ನಲ್ಲಿ ಹೋಗುವುದು ಹೇಗೆ? ಎಷ್ಟೋ ಕಡೆ ಒಬ್ಬರು ಒಂದೊಂದೇ ಯಂತ್ರದ ಮುಂದೆ ಕೂತು, ಸೇಫ್ ಮೋಡ್‌ಗೆ ಹೋಗಿ, ಆ ಕೆಟ್ಟ ಅಪ್‌ಡೇಟ್‌ನ ಫೈಲ್ ಅಳಿಸಬೇಕಾಯಿತು. ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ಇದ್ದ ಕಡೆ 48 ಅಂಕಿಗಳ ರಿಕವರಿ ಕೀ ಬೇರೆ. ಆ ಕೀ ಎಲ್ಲಿದೆ ಅಂತ ಕಚೇರಿಯೊಳಗೆ ಒಬ್ಬರಿಗಾದರೂ ಗೊತ್ತಿದ್ದರೆ ಅವತ್ತು ಅದೇ ದೊಡ್ಡ ಆಸರೆ.

2021ರ ಜುಲೈ 2ರದ್ದು ಇನ್ನೊಂದು ಬಗೆ. ಐಟಿ ಏಜೆನ್ಸಿಗಳು ಗ್ರಾಹಕರ ಕಂಪ್ಯೂಟರ್‌ಗಳನ್ನು ದೂರದಿಂದ ನೋಡಿಕೊಳ್ಳಲು ಬಳಸುವ ಕಸೇಯ ಅನ್ನುವ ಕಂಪನಿಯ ಸಾಫ್ಟ್‌ವೇರ್‌ಗೇ ದಾಳಿಕೋರರು ಕನ್ನ ಹಾಕಿದರು. ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಆ ದಾರಿಯಲ್ಲೇ ನೂರಾರು ಸಂಸ್ಥೆಗಳಿಗೆ ನುಗ್ಗಿತು. ಸ್ವೀಡನ್ನಿನ ದಿನಸಿ ಅಂಗಡಿಗಳ ಸರಣಿ ಕೂಪ್ ತನ್ನ ನೂರಾರು ಅಂಗಡಿಗಳ ಬಾಗಿಲು ಹಾಕಬೇಕಾಯಿತು. ಆ ಸಾಫ್ಟ್‌ವೇರ್ ಬಳಸುತ್ತಿದ್ದದ್ದು ಕೂಪ್ ಅಲ್ಲ, ಅವರ ಕ್ಯಾಷ್ ಕೌಂಟರ್‌ಗಳನ್ನು ನೋಡಿಕೊಳ್ಳುತ್ತಿದ್ದ ಕಂಪನಿ. ನಮ್ಮ ಬಾಗಿಲು ಭದ್ರವಾಗಿದ್ದರೆ ಸಾಲದು, ನಾವು ಕೀಲಿ ಕೊಟ್ಟವರ ಬಾಗಿಲೂ ಭದ್ರವಾಗಿರಬೇಕು.

ಹಾಗಂತ ಒಳಗಿನವರೇ ಇದ್ದರೆ ಎಲ್ಲ ಸುರಕ್ಷಿತ ಅಂತಲೂ ಅಲ್ಲ. 2017ರ ಜನವರಿ 31ರಂದು ಸಾಫ್ಟ್‌ವೇರ್ ಕೋಡ್ ಇಡುವ ಜಾಲತಾಣ ಗಿಟ್‌ಲ್ಯಾಬ್‌ನ ಸ್ವಂತ ಎಂಜಿನಿಯರ್ ಒಬ್ಬರು ತಪ್ಪಾಗಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ದಿನನಿತ್ಯದ ಬ್ಯಾಕಪ್ ಹುಡುಕಿದರೆ, ಅದು ಆಗಿರಲೇ ಇಲ್ಲ. ಸುಮಾರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಉಳಿಸಿತು.

ಆದ್ದರಿಂದ ಗೆಳೆಯರಿಗೆ ನಾನು ಹೇಳಿದ್ದು ಇಷ್ಟು. ರಾತ್ರಿ ಪಾಳಿ, ಅಪ್‌ಡೇಟ್, ಹೆಲ್ಪ್‌ಡೆಸ್ಕ್ ಎಲ್ಲ ಧಾರಾಳವಾಗಿ ಹೊರಗೆ ಕೊಡಿ. ಹುಡುಗನನ್ನು ಮಾತ್ರ ಬಿಡಿಸಬೇಡಿ. ಏಜೆನ್ಸಿಯ ಜೊತೆ ಮಾತಾಡುವವನು, ಅವರು ಮಾಡಿದ್ದನ್ನು ಪರೀಕ್ಷಿಸುವವನು ಅವನೇ ಆಗಲಿ. ಡೊಮೈನ್, ಅಡ್ಮಿನ್ ಖಾತೆ, ರಿಕವರಿ ಕೀಗಳು ಕಂಪನಿಯ ಹೆಸರಿನಲ್ಲೇ ಇರಲಿ, ಇಬ್ಬರಿಗಾದರೂ ಗೊತ್ತಿರಲಿ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೋಲ್ಡರನ್ನಾದರೂ ವಾಪಸ್ ತೆಗೆದು, ತೆರೆದು ನೋಡಲಿ. ಒಪ್ಪಂದದಲ್ಲಿ ಬಿಟ್ಟು ಹೋಗುವಾಗ ಏನೇನು ಹಿಂದಿರುಗಿಸಬೇಕು ಅನ್ನುವ ಪುಟವನ್ನೇ ಮೊದಲು ಓದಿ. ನಿಮ್ಮ ವ್ಯಾಪಾರವೇ ಸಾಫ್ಟ್‌ವೇರ್ ಅಥವಾ ಗ್ರಾಹಕರ ಡೇಟಾ ಆಗಿದ್ದರೆ ನನ್ನ ಮಾತು ಬೇರೆ, ಆಗ ಸ್ವಂತ ತಂಡವನ್ನೇ ಕಟ್ಟಿ.

ಇವತ್ತು ಬೆಳಿಗ್ಗೆ ಅವರ ಮೆಸೇಜ್ ಬಂತು. ನಾನು ಹೇಳಿದಂತೆ ಡೊಮೈನ್ ಯಾರ ಇಮೇಲ್‌ನಲ್ಲಿದೆ ಅಂತ ನೋಡಿದ್ದಾರೆ. ಮೂರು ವರ್ಷದ ಹಿಂದೆ ಕೆಲಸ ಬಿಟ್ಟುಹೋದವರ ಸ್ವಂತ ಇಮೇಲ್‌ನಲ್ಲಿದೆಯಂತೆ. ಅವರ ನಂಬರ್ ಸಿಕ್ಕಿದೆ, ಸಂಜೆ ಮಾತಾಡುತ್ತಾರೆ. ಏಜೆನ್ಸಿಯ ಸಹಿಯನ್ನು ಅಲ್ಲಿಯವರೆಗೆ ಮುಂದಕ್ಕೆ ಹಾಕಿದ್ದಾರೆ.