ಕಲಾವಿದರು ತಮ್ಮ ನೆಚ್ಚಿನ ಜಾಗಗಳನ್ನು ಹೆಸರಿಸಬೇಕೆ? ಪರ – ವಿರೋಧ

ಪ್ಯಾರಿಸ್ಸಿನಿಂದ ಕ್ಯೋಟೊವರೆಗೆ ಊರೂರಿನ ಚಿತ್ರಕಾರರು, ಬರಹಗಾರರು, ಛಾಯಾಗ್ರಾಹಕರು ತಮಗೆ ಇಷ್ಟವಾದ ಮೂಲೆಗಳ ಪಟ್ಟಿ ಕೊಡುವುದು ಈಗ ರೂಢಿಯಾಗಿದೆ. ಕೊಡಗಿನವರೂ ಕೊಡಬೇಕೆ? ಇಬ್ಬರು ಬರೆದಿದ್ದಾರೆ.

ಪರ: ಹೇಳಿ, ಅರ್ಧ ಮಾತ್ರ ಹೇಳಬೇಡಿ

ಮಡಿಕೇರಿಯ ರಾಜಾಸೀಟಿಗೆ ಜನ ನುಗ್ಗುವುದು ಸಂಜೆ. ಅಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕು ಎಂದು ಯಾರೋ ಹೇಳಿದ್ದನ್ನೇ ಎಲ್ಲರೂ ಹೇಳುತ್ತ ಬಂದಿದ್ದಾರೆ. ಚಿತ್ರ ಬರೆಯುವವರನ್ನು ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ. ಆ ಜಾಗದ ಮುಖ ಪಡುವಣಕ್ಕೆ. ಸಂಜೆ ಬೆಳಕು ಎದುರಿನಿಂದ ಕಣ್ಣಿಗೆ ಹೊಡೆಯುತ್ತದೆ, ಬೆಟ್ಟಗಳೆಲ್ಲ ಕೂಡಿ ಒಂದೇ ಕಪ್ಪು ಪಟ್ಟಿಯಾಗುತ್ತವೆ. ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ ಬಿಸಿಲು ಬೆನ್ನ ಹಿಂದಿನಿಂದ ಬರುತ್ತದೆ. ಒಂದರ ಹಿಂದೊಂದು ನಿಂತ ಬೆಟ್ಟದ ಸಾಲು, ಕೆಳಗಿನ ಕಣಿವೆ, ಮಂಜಿನಿಂದ ತಲೆ ಎತ್ತಿದ ಮರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಜಾಗದ ಹೆಸರು ಎಲ್ಲರಿಗೂ ಗೊತ್ತು. ಅದರ ಗಳಿಗೆ ಗೊತ್ತಿರುವುದು ಅಲ್ಲಿ ಕೂತು ಕೆಲಸ ಮಾಡುವವರಿಗೆ. ಅವರು ಬಾಯಿ ಮುಚ್ಚಿದರೆ ಊರಿಗೆ ನಷ್ಟ.

ಗದ್ದಿಗೆಯನ್ನು ನೋಡಿ. ಮಹದೇವಪೇಟೆ ದಾಟಿ ಹೋದರೆ ಸಿಗುತ್ತದೆ. ಅಬ್ಬಿ ಜಲಪಾತಕ್ಕೆ ಓಡುವವರು ಇತ್ತ ತಿರುಗುವುದೇ ಕಡಿಮೆ. ಕೊಡಗಿನ ಅರಸರಾದ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳು, ಗುಮ್ಮಟ, ಮೂಲೆಮೂಲೆಗೆ ಮಿನಾರು. ಗುಮ್ಮಟ ಬಿಡಿಸಲು ಕಲಿಯುವವರಿಗೆ ಕೊಡಗಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಏಕೆಂದರೆ ಒಂದೇ ಬಗೆಯ ಎರಡು ಕಟ್ಟಡ ಹತ್ತಿರ ಒಂದು, ದೂರ ಒಂದು ನಿಂತಿವೆ. ಹತ್ತಿರದ್ದರಲ್ಲಿ ಕಲಿತ ಅಳತೆಯನ್ನು ದೂರದ್ದರಲ್ಲಿ ಅಲ್ಲೇ ಪರೀಕ್ಷಿಸಬಹುದು. ಹೊಸಬರು ಎಡವುವುದು ಒಂದೇ ಕಡೆ: ಮೊದಲು ಗುಮ್ಮಟ ಬರೆಯುತ್ತಾರೆ, ಆಮೇಲೆ ಮಿನಾರಿಗೆ ಹಾಳೆ ಸಾಲುವುದಿಲ್ಲ. ನೆಲದ ಗೆರೆ ಎಳೆದು, ನಡುಗೆರೆ ನಿಲ್ಲಿಸಿ, ಎರಡೂ ತುದಿಯ ಮಿನಾರುಗಳ ಎತ್ತರ ಗುರುತು ಹಾಕಿ, ಕೊನೆಗೆ ಗುಮ್ಮಟದ ಅತಿ ಅಗಲದ ಜಾಗವನ್ನು ಕೂರಿಸಬೇಕು. ಇಷ್ಟು ಹೇಳಿಕೊಟ್ಟರೆ ಬಂದವರು ಎರಡು ಗಂಟೆ ಒಂದೇ ಕಡೆ ಕೂರುತ್ತಾರೆ. ಎರಡು ಗಂಟೆ ಕೂತವರು ಗೋಡೆಯ ಮೇಲೆ ಹೆಸರು ಕೆತ್ತುವುದಿಲ್ಲ.

ಓಂಕಾರೇಶ್ವರದ್ದೂ ಹಾಗೆಯೇ. 1820ರ ಗುಡಿ, ಮುಂದೆ ಕೊಳ, ಕೊಳದ ನಡುವೆ ಮಂಟಪ. ಗಾಳಿ ಏಳುವ ಮೊದಲು ಹೋದರೆ ಮಂಟಪದ ನೆರಳು ನೀರಿನಲ್ಲಿ ಅಲುಗದೆ ನಿಂತಿರುತ್ತದೆ. ಕಕ್ಕಬ್ಬೆಯ ಕಡೆ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ನಾಲ್ಕುನಾಡು ಅರಮನೆಗೆ ಹೊತ್ತಿಗಿಂತ ತಾಳ್ಮೆ ಮುಖ್ಯ. 1792ರಿಂದ 1794ರ ನಡುವೆ ಕಟ್ಟಿದ ಮನೆ, ಒಳಗೆ ಕತ್ತಲೆ. ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಗೋಡೆಯ, ಚಾವಣಿಯ ಚಿತ್ರಗಳು ಮೊದಲು ಕಾಣುವುದೇ ಇಲ್ಲ. ಹತ್ತು ನಿಮಿಷ ಸುಮ್ಮನೆ ನಿಲ್ಲಬೇಕು. ಫ್ಲ್ಯಾಶ್ ಹಾಕಬಾರದು, ಗೋಡೆಗೆ ಒರಗಬಾರದು, ಒರಗಿದರೆ ಹಳೆಯ ಬಣ್ಣ ಉದುರುತ್ತದೆ. ಬೆಟ್ಟ ಹತ್ತಲು ಬಂದವರು ಈ ಬಾಗಿಲ ಮುಂದೆಯೇ ಹಾದು ಹೋಗುತ್ತಾರೆ. ಅವರಿಗೆ ಹೇಳುವವರು ಬೇಡವೆ?

ಮಳೆಗಾಲದ ವಿದ್ಯೆಯನ್ನಂತೂ ಬಚ್ಚಿಡಲೇಬಾರದು. ಬಯಲುಸೀಮೆಯಲ್ಲಿ ಐದು ನಿಮಿಷಕ್ಕೆ ಒಣಗುವ ಜಲವರ್ಣ ಜುಲೈ ತಿಂಗಳ ಮಡಿಕೇರಿಯಲ್ಲಿ ಅರ್ಧ ಗಂಟೆಯಾದರೂ ತೇವವಾಗಿಯೇ ಇರುತ್ತದೆ. ಒಣಗಿತೆಂದು ಭಾವಿಸಿ ಎರಡನೆಯ ಬಣ್ಣ ಹಚ್ಚಿದರೆ ಅಂಚು ಒಡೆದು ಕಲೆ ಹರಡುತ್ತದೆ. ತೆಳು ಹಾಳೆ ಬೇಡ, 300 ಜಿಎಸ್ಎಮ್ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಹಾಳೆ ಬೇಕು, ನಾಲ್ಕೂ ಅಂಚಿಗೆ ಟೇಪು ಹಾಕಿ ಹಲಗೆಗೆ ಬಿಗಿಯಬೇಕು. ಕುಂಚಕ್ಕೆ ನೀರು ಕಡಿಮೆ, ಬಣ್ಣ ಹೆಚ್ಚು. ಅಲ್ಲಿ ಗೆರೆ ಮತ್ತು ಒಂದು ಪದರ ಬಣ್ಣ ಮುಗಿಸಿ, ಉಳಿದದ್ದನ್ನು ಮನೆಯ ಒಲೆಯ ಬೆಚ್ಚಗಿನ ಮೂಲೆಯಲ್ಲಿ ಮಾಡುವುದೇ ಸರಿ. ಗೆರೆಗೆ ನೀರಿಗೆ ಕರಗದ ಶಾಯಿಯೇ ಬೇಕು. ಜೆಲ್ ಪೆನ್ನಿನ ಗೆರೆ ಒಂದು ಹನಿಗೆ ಹರಿದುಹೋಗುತ್ತದೆ. ಕ್ಯಾಮೆರಾದವರಿಗೆ ಎರಡು ಮಾತು. ಬೆಳ್ಳನೆಯ ಮಂಜನ್ನು ಯಂತ್ರ ಬೂದು ಮಾಡಲು ಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆ, ಆದ್ದರಿಂದ ಎಕ್ಸ್‌ಪೋಶರನ್ನು (ಒಳಗೆ ಬಿಡುವ ಬೆಳಕನ್ನು) ಮುಕ್ಕಾಲು ಅಥವಾ ಒಂದು ಸ್ಟಾಪ್ ಹೆಚ್ಚಿಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ಲೆನ್ಸನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಬಟ್ಟೆಯ ಚೀಲದಲ್ಲೇ ಬಿಟ್ಟರೆ ಒಂದೇ ಮಳೆಗಾಲಕ್ಕೆ ಗಾಜಿನೊಳಗೆ ಬೂಸ್ಟು ಹಿಡಿಯುತ್ತದೆ.

ಕೋಲ್ಕತ್ತದ ಕಾಲೇಜು ಬೀದಿಯ ಕಾಫಿಹೌಸ್ ಇವತ್ತಿಗೂ ನಡೆಯುತ್ತಿದೆ. ಸಿನಿಮಾ ನಿರ್ದೇಶಕರಾದ ಸತ್ಯಜಿತ್ ರಾಯ್, ಮೃಣಾಲ್ ಸೇನ್ ಕೂರುತ್ತಿದ್ದ ಜಾಗ ಎಂಬ ಮಾತು ಬಾಯಿಂದ ಬಾಯಿಗೆ ಹೋದದ್ದರಿಂದಲೇ ಊರು ಅದನ್ನು ಬಿಟ್ಟುಕೊಟ್ಟಿಲ್ಲ. ಲಿಸ್ಬನ್ನಿನ ಬ್ರೆಜಿಲೆಯಿರಾ ಕಾಫಿ ಅಂಗಡಿಯ ಮುಂದೆ ಕವಿ ಪೆಸ್ಸೋವಾನ ಕಂಚಿನ ಮೂರ್ತಿ ಕೂತಿದೆ, ಪಕ್ಕದಲ್ಲೊಂದು ಖಾಲಿ ಕುರ್ಚಿಯೂ ಇದೆ. ದೇಶದ ಕಾಫಿಯ ದೊಡ್ಡ ಪಾಲು ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಬರಹಗಾರರ ಮೇಜು ಎಂದು ಹೊರಗಿನವರಿಗೆ ಬೆರಳಿಟ್ಟು ತೋರಿಸುವ ಕಾಫಿ ಅಂಗಡಿ ಯಾವುದು? ಹೇಳದೆ ಉಳಿದದ್ದಕ್ಕೇ ಈ ಗತಿ.

ಹೇಳಬೇಡಿ ಎನ್ನುವವರ ಮಾತನ್ನು ಒಪ್ಪಿದರೆ ಕೊಡಗಿಗೇ ಬೇಲಿ ಹಾಕಿ ಬೀಗ ಜಡಿಯಬೇಕಾಗುತ್ತದೆ. ರೀಲ್ಸ್ ಮಾಡುವವರು ನಮ್ಮ ಅಪ್ಪಣೆ ಕಾಯುವುದಿಲ್ಲ. ಅವರು ಬರೀ ಹೆಸರು ಹೇಳುತ್ತಾರೆ. ನಾವು ಹೊತ್ತು, ದಾರಿ, ಕೂರುವ ಜಾಗ, ಮಾಡಬಾರದ್ದು, ಎಲ್ಲವನ್ನೂ ಹೇಳೋಣ.

ವಿರೋಧ: ಎಲ್ಲ ಜಾಗವೂ ಹೇಳುವ ಜಾಗವಲ್ಲ

ನಾನು ವಿರೋಧದ ಕಡೆ ನಿಂತು ಬರೆಯುತ್ತಿದ್ದೇನೆ. ಪೇಟೆಯೊಳಗಿನ ಕೋಟೆ, ಗದ್ದಿಗೆ, ಗುಡಿಗಳ ಬಗ್ಗೆ ನನ್ನ ತಕರಾರಿಲ್ಲ. ಅವು ಮೊದಲಿನಿಂದಲೂ ಎಲ್ಲರವು. ಆದರೆ ಕೊಡಗಿನ ಕಲಾವಿದರಿಗೆ ಪ್ರಿಯವಾದ ಜಾಗಗಳಲ್ಲಿ ಹೆಚ್ಚಿನವು ಪೇಟೆಯಲ್ಲಿಲ್ಲ. ಅವು ಯಾರದೋ ತೋಟ, ಯಾರದೋ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ), ಯಾವುದೋ ಊರಿನ ದೇವರಕಾಡು.

ಫುಜಿ ಬೆಟ್ಟ ಕಾಣುವ ಕಡೆ ಏನಾಯಿತು ನೋಡಿ. ಜಪಾನಿನ ಫುಜಿಕವಾಗುಚಿಕೊ ಎಂಬ ಊರಿನಲ್ಲಿ ಒಂದು ಸಾಮಾನ್ಯ ಅಂಗಡಿಯ ಮೇಲೆ ಬೆಟ್ಟ ಕೂತಂತೆ ಕಾಣುವ ಚಿತ್ರ ಎಲ್ಲೆಡೆ ಹರಿದಾಡಿತು. ಜನ ರಸ್ತೆಯ ನಡುವೆ ನಿಂತರು, ಕಸ ಬಿಟ್ಟರು, ಪಕ್ಕದ ದಂತವೈದ್ಯರ ಚಿಕಿತ್ಸಾಲಯದ ಜಾಗಕ್ಕೂ ನುಗ್ಗಿದರು. 2024ರ ಮೇ ತಿಂಗಳಲ್ಲಿ ಊರಿನವರು ಎರಡೂವರೆ ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ಪರದೆ ಕಟ್ಟಿ ಬೆಟ್ಟವನ್ನೇ ಮರೆಮಾಡಿದರು. ಆಸ್ಟ್ರಿಯಾದ ಹಾಲ್‌ಸ್ಟಾಟಿನಲ್ಲಿ 2023ರಲ್ಲಿ ಸೆಲ್ಫಿ ತೆಗೆಯುವವರನ್ನು ತಡೆಯಲು ಮರದ ಬೇಲಿ ಹಾಕಿದರು. ಕ್ಯೋಟೊದ ಗಿಯೋನ್ ಬಡಾವಣೆಯ ಖಾಸಗಿ ಓಣಿಗಳಿಗೆ 2024ರಿಂದ ಪ್ರವಾಸಿಗರು ಹೋಗುವಂತಿಲ್ಲ, ಹೋದರೆ 10,000 ಯೆನ್ ದಂಡ. ಫುಜಿ ಕಾಣುವ ಊರಿನಲ್ಲೂ ಗಿಯೋನಿನಲ್ಲೂ ನಿಯಮ ತಿಳಿಸಲು ಫಲಕ, ಕಾವಲು ಇದ್ದವು. ಪೂರ್ತಿ ಹೇಳಿದರೆ ಸಾಕು ಎನ್ನುವವರು ಇದನ್ನು ಯೋಚಿಸಬೇಕು. ಬರುವವರು ಓದಿಕೊಂಡು ಬರುವುದಿಲ್ಲ, ಚಿತ್ರ ನೋಡಿಕೊಂಡು ಬರುತ್ತಾರೆ.

ನಮ್ಮಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಕಾಫಿ ಹೂವಿನ ಹೊತ್ತಿನಲ್ಲಿ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನಕ್ಕೆ ಬಾಡುತ್ತದೆ. ಚಿತ್ರಕ್ಕೆ ಇದಕ್ಕಿಂತ ಬೇಕೆ? ಆದರೆ ಆ ದಿನಗಳಲ್ಲಿ ಮುರಿದ ಒಂದೊಂದು ರೆಂಬೆಯೂ ಮುಂದಿನ ಕೊಯ್ಲಿನ ಹಣ್ಣು. ರೋಬಸ್ಟಾ ಜಾತಿಯ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಅದನ್ನು ತರುವ ಗಾಳಿ ಮತ್ತು ಜೇನಿನ ನಡುವೆ ಹತ್ತು ಜನ ಸಾಲಾಗಿ ನಡೆದರೆ ಬೆಳೆಗಾರರ ಹೊಟ್ಟೆಗೇ ಹೊಡೆತ. ಮೇಲಾಗಿ ಸಿದ್ದಾಪುರ, ಅಮ್ಮತ್ತಿ ಕಡೆ ಬೆಳಗು ಸಂಜೆ ತೋಟದ ದಾರಿಯಲ್ಲಿ ಆನೆ ಇರುತ್ತದೆ. ಅಲ್ಲಿನವರಿಗೆ ಯಾವ ಹೊತ್ತಿಗೆ ಹೊರಡಬಾರದೆಂದು ಗೊತ್ತು; ಬೆಳಕು ಚೆನ್ನಾಗಿದೆ ಎಂದು ಹೊರಗಿನಿಂದ ಬಂದವರಿಗೆ ಗೊತ್ತಿಲ್ಲ. ಬೆಳಕು ಚೆನ್ನಾಗಿರುವ ಹೊತ್ತೂ ಆನೆ ನಡೆಯುವ ಹೊತ್ತೂ ಒಂದೇ.

ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಎಷ್ಟೋ ಕಡೆ ಚಪ್ಪಲಿ ಹಾಕಿ ಹೋಗುವಂತಿಲ್ಲ, ಒಣಕಡ್ಡಿ ಎತ್ತುವಂತಿಲ್ಲ. ಐನ್‌ಮನೆ ಒಂದು ಒಕ್ಕದ, ಅಂದರೆ ಒಂದು ಕುಲದ ಮನೆ. ಅದರ ಕೈಸಾಲೆಯ (ಮುಂದಿನ ಜಗಲಿಯ) ಕಂಬ ಎಷ್ಟು ಚೆಂದವಿದ್ದರೂ ಮನೆಯವರನ್ನು ಕೇಳದೆ ಅಂಗಳಕ್ಕೆ ಕಾಲಿಡುವುದು ಸರಿಯಲ್ಲ.

ಚಿತ್ರವನ್ನೇ ತೋರಿಸಬೇಡಿ ಎಂದು ನಾನು ಹೇಳುವುದಿಲ್ಲ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ. ಇಲ್ಲದಿದ್ದರೆ ಚಿತ್ರದ ಕಡತದೊಳಗೆ ಅಕ್ಷಾಂಶ, ರೇಖಾಂಶ ಕೂತಿರುತ್ತದೆ, ಹಾಗೇ ಕಳಿಸಿದರೆ ಯಾರು ಬೇಕಾದರೂ ತೆಗೆದು ನೋಡಬಹುದು. ಮೈಲಿಗಲ್ಲು, ಗೇಟಿನ ಮೇಲಿನ ತೋಟದ ಹೆಸರು, ಗುರುತು ಸಿಗುವ ಬೆಟ್ಟದ ತಲೆ ಚೌಕಟ್ಟಿನೊಳಗೆ ಬಾರದಂತೆ ನಿಂತುಕೊಳ್ಳಿ. ಶೀರ್ಷಿಕೆಯಲ್ಲಿ ತಾಲ್ಲೂಕಿನ ಹೆಸರಿಗೆ ನಿಲ್ಲಿಸಿ, ಹಳ್ಳಿಯವರೆಗೆ ಇಳಿಯಬೇಡಿ. ಹೂವಿನ ಚಿತ್ರವನ್ನು ಹೂ ಉದುರಿ ವಾರ ಕಳೆದ ಮೇಲೆ ಹಾಕಿ. ಹೊಸಬರೊಬ್ಬರು ನಿಜವಾಗಿ ಕಲಿಯಬೇಕೆಂದು ಕೇಳಿದರೆ ತೋಟದವರಿಗೆ ಫೋನ್ ಮಾಡಿ, ಒಪ್ಪಿಗೆ ಪಡೆದು, ಜೊತೆಗೆ ಕರೆದುಕೊಂಡು ಹೋಗಿ.