ವಿಭಕ್ತಿಗೆ ಎರಡೇ ದಿನವಂತೆ!

ಭಾನುವಾರ ಬದಿಯಡ್ಕದ ಮನೆಯಲ್ಲಿದ್ದಾಗ ಪಕ್ಕದ ಮನೆಯ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಇಂಜಿನಿಯರಿಂಗ್ ಮೂರನೇ ವರ್ಷ. "ಮಾವ, ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಅರ್ಜಿ ಬರೆದಿದ್ದೇನೆ, ಒಮ್ಮೆ ನೋಡುತ್ತೀರಾ?"

ಮುಕ್ತ ತಂತ್ರಾಂಶಕ್ಕೆ ಕೋಡ್ ಬರೆಯುವವರಿಗೆ ಗೂಗಲ್ ದುಡ್ಡು ಕೊಡುವ ಕಾರ್ಯಕ್ರಮ ಅದು. ನೋಡಿದೆ. ಮಲಯಾಳ ನೋಟಿಸಿನ ಫೋಟೊ ತೆಗೆದರೆ ಅಕ್ಷರ ಗುರುತಿಸಿ, ಕನ್ನಡಕ್ಕೆ ಅನುವಾದಿಸಿ, ಕಾಗುಣಿತ ತಿದ್ದಿ, ಗಟ್ಟಿಯಾಗಿ ಓದಿ ಹೇಳುವ ಆ್ಯಪ್. ಸಮಯ ಉಳಿದರೆ ತುಳು ಲಿಪಿಗೆ ಕೀಲಿಮಣೆ. ಎಲ್ಲವೂ 175 ಗಂಟೆಯಲ್ಲಿ, ಅಂದರೆ 12 ವಾರಕ್ಕೆ ಹಂಚಿದರೆ ವಾರಕ್ಕೆ ಹದಿನೈದು ಗಂಟೆಯೂ ಇಲ್ಲ.

ಇಂಥದ್ದೊಂದು ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ, ಬಂದ ಕಾಗದ ಓದಿಸಿಕೊಳ್ಳಲು ಇನ್ನೊಬ್ಬರನ್ನು ಹುಡುಕುವ ಹಿರಿಯರು ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ? ಆದರೆ ನನ್ನ ಕಣ್ಣು ನಿಂತದ್ದು ವೇಳಾಪಟ್ಟಿಯ ಒಂದು ಸಾಲಿನ ಮೇಲೆ: 'ಹನ್‌ಸ್ಪೆಲ್‌ಗೆ ಕನ್ನಡ ವಿಭಕ್ತಿ ನಿಯಮಗಳು: 2 ದಿನ.'

ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳಲ್ಲಿ ತಪ್ಪು ಪದದ ಕೆಳಗೆ ಕೆಂಪು ಗೆರೆ ಬೀಳುವುದು ಹನ್‌ಸ್ಪೆಲ್‌ನಿಂದ. ಹಂಗೇರಿಯನ್ ಭಾಷೆಗಾಗಿ ಹುಟ್ಟಿದ ತಂತ್ರಾಂಶ. ಒಂದು ಕಡತದಲ್ಲಿ ಪದಗಳು, ಇನ್ನೊಂದರಲ್ಲಿ ಪ್ರತ್ಯಯದ ನಿಯಮಗಳು. ಪದದ ಬಾಲದಿಂದ ಅದು ಕಳಚುವುದು ಎರಡು ಪದರ ಪ್ರತ್ಯಯವನ್ನು ಮಾತ್ರ. ನಮ್ಮ 'ಮನೆಗಳಲ್ಲಿಯೂ' ಎಂಬ ಪದದಲ್ಲೇ ಗಳು, ಅಲ್ಲಿ, ಊ ಎಂದು ಮೂರಿವೆ. ಎರಡನ್ನು ಮೊದಲೇ ಅಂಟಿಸಿ ಒಂದು ನಿಯಮವಾಗಿಸಬೇಕು. ಹಾಗೆ ಅಂಟಿಸುತ್ತ ಹೋದರೆ ಕಡತ ಬಸಳೆ ಬಳ್ಳಿಯಂತೆ ಹಬ್ಬುತ್ತದೆ. ಸಾಲದ್ದಕ್ಕೆ ಮರದಲ್ಲಿ, ಮನೆಯಲ್ಲಿ, ಊರಿನಲ್ಲಿ ಎಂದು ಸಪ್ತಮಿಯೊಂದಕ್ಕೇ ಮೂರು ವೇಷ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಧೈರ್ಯದಲ್ಲಿ ಎರಡು ದಿನ ಎಂದು ಬರೆದಿರಬೇಕು.

ನಾನು ಉಪದೇಶ ಮಾಡಲಿಲ್ಲ. "ಮರ, ಮನೆ, ಊರು, ಇವಿಷ್ಟಕ್ಕೆ ಇಲ್ಲೇ ಕುಳಿತು ನಿಯಮ ಬರೆ" ಎಂದೆ. ಜಗಲಿಯಲ್ಲಿ ಕುಳಿತಳು. ಎರಡು ಸಲ ಚಹಾ ಆಯಿತು. ಸಂಜೆಗೆ 'ಮರ' ಒಂದು ದಡ ಸೇರಿತ್ತು. ಅದೂ 'ಮರಯಲ್ಲಿ' ಎಂಬುದನ್ನು ಸರಿಯೆಂದು ಒಪ್ಪಿಕೊಳ್ಳುತ್ತಿತ್ತು.

ಯಾರದೇ ಅರ್ಜಿ ಬಂದರೂ ನಾನು ಮಾಡುವುದು ಇಷ್ಟೇ: ಅತಿ ಸಣ್ಣದಾಗಿ ಕಾಣುವ ಸಾಲನ್ನು ಅವರಿಂದಲೇ ಮಾಡಿಸುವುದು. ದೊಡ್ಡದಾಗಿ ಬರೆದರೆ ಆಯ್ಕೆಯಾಗುತ್ತದೆ ಎಂದು ಯಾರೋ ಮೇಷ್ಟ್ರು ಅವಳಿಗೆ ಹೇಳಿದ್ದರಂತೆ. ಮಧ್ಯಂತರ ಮೌಲ್ಯಮಾಪನದಲ್ಲಿ ಅನುತ್ತೀರ್ಣಳಾದರೆ ಅಲ್ಲಿಗೇ ಮುಗಿಯಿತು ಎಂಬುದನ್ನು ಅವರು ಹೇಳಲಿಲ್ಲ. ಅವಳ ಯೋಜನೆಯಲ್ಲಿ ಆ ಹೊತ್ತಿಗೆ ಐದು ಅರ್ಧ ಕೆಲಸಗಳಿರುತ್ತಿದ್ದವು, ಯಾರೂ ಬಳಸಬಹುದಾದದ್ದು ಒಂದೂ ಇರುತ್ತಿರಲಿಲ್ಲ. ತುಳುವಿನ ಮಾತಂತೂ ಬಿಡಿ. ತುಳು-ತಿಗಳಾರಿ ಲಿಪಿ ಕಂಪ್ಯೂಟರ್ ಅಕ್ಷರಗಳ ಜಾಗತಿಕ ಪಟ್ಟಿಯಾದ ಯೂನಿಕೋಡಿಗೆ ಸೇರಿದ್ದೇ 2024ರ ಸೆಪ್ಟೆಂಬರಿನಲ್ಲಿ. ಅದನ್ನು 'ಸಮಯ ಉಳಿದರೆ' ಎಂದು ಮೂಲೆಗೆ ತುರುಕಿದ್ದು ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು.

ಕತ್ತಲಾಗುವಾಗ ಅವಳೇ ಒಂದೊಂದಾಗಿ ಅಳಿಸಿದಳು. ಉಳಿದದ್ದು ನಾಮಪದಗಳು, ಅವುಗಳ ಬಹುವಚನ, ವಿಭಕ್ತಿ, ಪರೀಕ್ಷೆಗೊಂದು ಪದಪಟ್ಟಿ. ಕ್ರಿಯಾಪದವೂ ಹೊರಗೆ.

"ಇಷ್ಟು ಸಣ್ಣದಕ್ಕೆ ಯಾರು ದುಡ್ಡು ಕೊಡುತ್ತಾರೆ ಮಾವ?" ಎಂದಳು. ನಾನು ಉತ್ತರಿಸುವಷ್ಟರಲ್ಲಿ ಅವಳ ಅಜ್ಜ ಬೇಲಿಯಾಚೆಯಿಂದ ಬಂದರು, ಕೈಯಲ್ಲೊಂದು ಕಾಗದ. "ಓದುವ ಯಂತ್ರ ಆಯಿತಾ?"

ಸದ್ಯಕ್ಕೆ ನಾನೇ ಓದಿ ಹೇಳಿದೆ. ತೆಂಗಿನ ಗೊಬ್ಬರದ ಸಹಾಯಧನ. ಅರ್ಜಿ ಸಲ್ಲಿಸುವ ಕೊನೆಯ ದಿನ ಹಿಂದಿನ ವಾರವೇ ಕಳೆದಿತ್ತು.